ಬಳ್ಳಾರಿಯ ಮತ, ಪಕ್ಷಗಳ ಟಿಕೆಟ್

ಶಾಸನಸಭೆಯಲ್ಲಿ ಹೆಣ್ಣುಮಕ್ಕಳು ಕಡಿಮೆ ಇದ್ದಾರೆ ಎಂದಮಾತ್ರಕ್ಕೆ ತಾರತಮ್ಯ ನಡೆದಿದೆ ಎನ್ನಲಾದೀತೇ? ಪ್ರಶ್ನೆ ನ್ಯಾಯವಾದದ್ದೇ. ಬರೀ ತಲೆಯೆಣಿಕೆ ಏನನ್ನೂ ಸಾಬೀತು ಮಾಡುವುದಿಲ್ಲ. ಕಾರಣ ಮತದಾರರ ಮನಸ್ಸಿನಲ್ಲಿರಬಹುದು, ಹೆಂಗಸರ ನಿರಾಸಕ್ತಿಯಲ್ಲಿರಬಹುದು, ಟಿಕೆಟ್ ಹಂಚುವವರಲ್ಲೂ ಇರಬಹುದು. ಈ ಮೂರನ್ನು ಬಿಡಿಸಿ ನೋಡಲು ಬಳ್ಳಾರಿಯ ಚರಿತ್ರೆ ನೆರವಾಗುತ್ತದೆ.

ಈ ಊರು 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿ ಮೊದಲು ಅಡ್ಡ ನಿಂತದ್ದು ಕಾನೂನು. 1919ರ ಭಾರತ ಸರ್ಕಾರ ಕಾಯ್ದೆ ಹೆಂಗಸರಿಗೆ ಮತದ ಹಕ್ಕು ಕೊಡದೆ ತೀರ್ಮಾನವನ್ನು ಪ್ರಾಂತಗಳಿಗೆ ಬಿಟ್ಟಿತು. ಮದ್ರಾಸಿನ ಶಾಸನ ಪರಿಷತ್ತು 1921ರಲ್ಲಿ ಒಪ್ಪಿದರೂ ಆಸ್ತಿಯ ಷರತ್ತು ಹಾಗೇ ಇತ್ತು. ತಮ್ಮ ಹೆಸರಿನಲ್ಲಿ ಆಸ್ತಿ ಇಲ್ಲದ ಬಹುತೇಕ ಹೆಂಗಸರಿಗೆ ಆ ಹಕ್ಕು ದಕ್ಕಲಿಲ್ಲ. ಕಣಕ್ಕಿಳಿಯಲು ಮತ್ತೆ 1926ರವರೆಗೆ ಕಾಯಬೇಕಾಯಿತು. ಅನುಮತಿ ಸಿಕ್ಕ ಆ ವರ್ಷವೇ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಸಂವಿಧಾನ ಬಂದ ಮೇಲೆ ಆಸ್ತಿಯ ಷರತ್ತು ಹೋಯಿತು. ಆಮೇಲಿನ ಅಸಮತೋಲಕ್ಕೆ ಕಾರಣ ನಿರಾಸಕ್ತಿಯೇ ಆಗಿದ್ದರೆ, ಓದು ಹೆಚ್ಚಿದಂತೆಲ್ಲ ಶಾಸಕಿಯರೂ ಹೆಚ್ಚಬೇಕಿತ್ತು. ಆದದ್ದು ಬೇರೆ: 1962ರಲ್ಲಿ 208 ಸ್ಥಾನಗಳ ಮೈಸೂರು (ಈಗಿನ ಕರ್ನಾಟಕ) ವಿಧಾನಸಭೆಗೆ 18 ಮಹಿಳೆಯರು ಬಂದಿದ್ದರು, 2023ರಲ್ಲಿ 224ರ ಸಭೆಗೆ ಬಂದವರು 10.

ಹಾಗಾದರೆ ಮತದಾರರೇ ಒಲ್ಲೆ ಎಂದರೇ? ಬಳ್ಳಾರಿಯ ಲೋಕಸಭಾ ಕ್ಷೇತ್ರ ಬಸವರಾಜೇಶ್ವರಿ ಅವರನ್ನು 1984, 1989, 1991ರಲ್ಲಿ ಸತತ ಮೂರು ಸಲ ಗೆಲ್ಲಿಸಿತು. ಅದು ಕಾಂಗ್ರೆಸ್ಸಿನ ಅಲೆ ಎನ್ನಬಹುದು. ಆದರೆ ಅಭ್ಯರ್ಥಿ ಹೆಂಗಸು ಎಂಬುದು ಆ ಅಲೆಗೆ ಅಡ್ಡ ಬರಲಿಲ್ಲ ಎಂಬುದೂ ನಿಜ. 1999ರಲ್ಲಿ ಸೋನಿಯಾ ಗಾಂಧಿ 56 ಸಾವಿರ ಮತಗಳ ಅಂತರದಲ್ಲಿ ಸುಷ್ಮಾ ಸ್ವರಾಜ್ ಅವರನ್ನು ಸೋಲಿಸಿದ್ದನ್ನು ನಾನು ಸಾಕ್ಷಿಯಾಗಿ ಹಿಡಿಯುವುದಿಲ್ಲ, ಪ್ರಮುಖ ಅಭ್ಯರ್ಥಿಗಳಿಬ್ಬರೂ ಮಹಿಳೆಯರೇ ಆಗಿದ್ದರಲ್ಲ! 2009ರಲ್ಲಿ ಜೆ. ಶಾಂತಾ 2,243 ಮತಗಳಿಂದ ಗೆದ್ದರು. 2018ರ ಉಪಚುನಾವಣೆಯಲ್ಲಿ ಅದೇ ಜನ ಅವರನ್ನು ಎರಡು ಲಕ್ಷಕ್ಕೂ ಮೀರಿದ ಅಂತರದಲ್ಲಿ ಸೋಲಿಸಿದರು. ಗಂಡಸರನ್ನು ಗೆಲ್ಲಿಸುವ, ಸೋಲಿಸುವ ರೀತಿಯೂ ಇದೇ. ಈಗ ವಿಧಾನಸಭೆಯತ್ತ ನೋಡಿ. 2023ರಲ್ಲಿ ಬಳ್ಳಾರಿ ನಗರ, ಬಳ್ಳಾರಿ ಗ್ರಾಮೀಣ, ಸಿರುಗುಪ್ಪ, ಕಂಪ್ಲಿ, ಸಂಡೂರು, ಐದರಲ್ಲೂ ಗೆದ್ದವರು ಗಂಡಸರು. ಆ ಚುನಾವಣೆಯಲ್ಲಿ ಇಡೀ ರಾಜ್ಯದಲ್ಲಿ ಬಿಜೆಪಿ ಟಿಕೆಟ್ ಕೊಟ್ಟದ್ದು 12 ಮಹಿಳೆಯರಿಗೆ, ಕಾಂಗ್ರೆಸ್ 11 ಮಂದಿಗೆ. ಮತಯಂತ್ರದಲ್ಲಿ ಹೆಸರೇ ಇಲ್ಲದವರನ್ನು ಮತದಾರ ಆರಿಸುವುದೆಂತು?

ಗೆಲ್ಲುವ ಕುದುರೆಗೆ ಟಿಕೆಟ್, ಅದರಲ್ಲಿ ಗಂಡು ಹೆಣ್ಣಿನ ಭೇದವಿಲ್ಲ ಎಂದು ಪಕ್ಷಗಳು ಹೇಳುತ್ತವೆ. ಗಣಿಯ ಹಣ ಚುನಾವಣೆಯನ್ನು ಆಳಿದ ಈ ಜಿಲ್ಲೆಯಲ್ಲಿ ಗೆಲ್ಲುವ ಶಕ್ತಿಯನ್ನು ಅಳೆದದ್ದು ಬಹುಪಾಲು ದುಡ್ಡಿನಿಂದಲೇ. ಗಣಿ, ಗುತ್ತಿಗೆ, ಜಮೀನು ಇರುವುದು ಗಂಡಸರ ಕೈಯಲ್ಲಿ. 1921ರ ಆಸ್ತಿಯ ಷರತ್ತು ಮತಪಟ್ಟಿಯಿಂದ ಹೋಗಿ ಟಿಕೆಟ್ ಹಂಚಿಕೆಯಲ್ಲಿ ಉಳಿದಿದೆ. ಭೇದ ಮಾಡುವ ಉದ್ದೇಶ ಯಾರಿಗೂ ಇಲ್ಲದಿರಬಹುದು, ಪರಿಣಾಮ ಮಾತ್ರ ಅದೇ. ಗೆದ್ದ ಹೆಂಗಸರು ನಾಯಕರ ಮನೆಯವರೇ ಎಂಬ ಆಕ್ಷೇಪವೂ ಇದನ್ನೇ ಹೇಳುತ್ತದೆ. ಶಾಂತಾ, ಬಿಜೆಪಿ ನಾಯಕ ಬಿ. ಶ್ರೀರಾಮುಲು ಅವರ ತಂಗಿ. 2024ರ ಉಪಚುನಾವಣೆಯಲ್ಲಿ ಸಂಡೂರಿನಿಂದ ಗೆದ್ದ ಅನ್ನಪೂರ್ಣ, ಸಂಸದ ಇ. ತುಕಾರಾಂ ಅವರ ಪತ್ನಿ. ಗಂಡಸರಲ್ಲೂ ಮನೆತನದ ಬಲದಿಂದ ಬಂದವರಿದ್ದಾರೆ, ಆದರೆ ಅವರಿಗೆ ವಿದ್ಯಾರ್ಥಿ ಸಂಘ, ಗುತ್ತಿಗೆ, ಸಹಕಾರ ಸಂಘ ಎಂದು ಬೇರೆ ದಾರಿಗಳೂ ಇವೆ. ಹೆಂಗಸರಿಗೆ ಹೆಚ್ಚಾಗಿ ತೆರೆದಿರುವುದು ಮನೆತನದ ದಾರಿ ಒಂದೇ.

ಮೀಸಲಾತಿ ಬಂದ ಕಡೆ ಚಿತ್ರ ಬದಲಾಗಿದೆ. 1983ರ ಕಾಯ್ದೆಯ ಮೂಲಕ ಕರ್ನಾಟಕ ಪಂಚಾಯಿತಿಗಳಲ್ಲಿ ಶೇ. 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಸಾವಿರಾರು ಮಹಿಳೆಯರು ಗೆದ್ದು ಬಂದರು. ಗಂಡಂದಿರೇ ಆಡಳಿತ ನಡೆಸಿದ ಪಂಚಾಯಿತಿಗಳೂ ಇದ್ದವು, ನಿಜ. ಆದರೆ ಮುಂಬೈ ಪಾಲಿಕೆಯ ಬಗ್ಗೆ ರಿಖಿಲ್ ಭಾವ್ನಾನಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಕೇಳಿ: ಒಮ್ಮೆ ಮಹಿಳೆಯರಿಗೆ ಮೀಸಲಾಗಿದ್ದ ವಾರ್ಡುಗಳಲ್ಲಿ ಮೀಸಲಾತಿ ಹೋದ ಮೇಲೂ ಮಹಿಳೆ ಗೆಲ್ಲುವ ಸಾಧ್ಯತೆ ಉಳಿದ ವಾರ್ಡುಗಳಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. 2023ರ ಸಂವಿಧಾನ ತಿದ್ದುಪಡಿ ಶಾಸನಸಭೆಯ ಮೀಸಲಾತಿಯನ್ನು ಜನಗಣತಿಗೂ ಕ್ಷೇತ್ರ ಮರುವಿಂಗಡಣೆಗೂ ಗಂಟು ಹಾಕಿತು. ಮಹಿಳೆಯ ಕೈಗೆ ಟಿಕೆಟ್ ಖಚಿತಪಡಿಸುವ ಬಿ-ಫಾರಂ ಕೊಡಲು ಮಾತ್ರ ಯಾವ ಪಕ್ಷವೂ ಇವೆರಡಕ್ಕಾಗಿ ಕಾಯಬೇಕಿಲ್ಲ.