ಸವಳು ನೆಲದ ಉಪ್ಪು

ಅಪ್ಪನ ಕಿಡ್ನಿ ಸೋತಿದೆ ಅಂತ ಬಳ್ಳಾರಿಯ ಡಾಕ್ಟರು ಹೇಳಿದ ದಿನ, ಕುರುಗೋಡಿನ ನಮ್ಮ ಮನೆಯಲ್ಲಿ ಮೊದಲು ಅಟ್ಟ ಸೇರಿದ್ದು ಉಪ್ಪಿನಕಾಯಿ ಜಾಡಿ. "ಲೇ ತಮ್ಮಾ, ಉಪ್ಪಿಲ್ದ ಸಾರು ಹೆಂಗ ಉಣ್ಲಿ?" ಅಂದರು ಅಪ್ಪ. ನನಗೆ ಉತ್ತರ ಹೊಳೆಯಲಿಲ್ಲ. ಈ ಉಪ್ಪು ನಮ್ಮ ಸೀಮೆಗೆ ಎಲ್ಲಿಂದ ಬಂತು ಅಂತ ಹುಡುಕಲು ಕೂತೆ. ಡಾಕ್ಟರ ಚೀಟಿ ಓದುವುದಕ್ಕಿಂತ ಅದೇ ಸುಲಭ ನೋಡಿ.

ಸಮುದ್ರ ನಮಗೆ ದೂರ. ಆದರೆ ಉಪ್ಪು ನೆಲದಲ್ಲೇ ಇತ್ತು. ಇಲ್ಲಿನ ಉಪ್ಪಾರರು ಸವಳು ಮಣ್ಣು ಕೆರೆದು ದಿಬ್ಬ ಹಾಕಿ, ಮೇಲೆ ನೀರು ಸುರಿದು, ಕೆಳಗೆ ಇಳಿದ ಉಪ್ಪುನೀರನ್ನು ಮಡಿಗಳಿಗೆ ಬಿಟ್ಟು ಬಿಸಿಲಿಗೆ ಆರಿಸುತ್ತಿದ್ದರು. ಕಡಲುಪ್ಪಿನಷ್ಟು ಚೊಕ್ಕಟವಲ್ಲ, ಬಡವರ ಉಪ್ಪು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. 1805ರಲ್ಲಿ ಮದ್ರಾಸ್ ಸರ್ಕಾರ ಉಪ್ಪಿನ ವ್ಯವಹಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಸರ್ಕಾರಿ ಉಪ್ಪು ಮಾರಾಟವಾಗಬೇಕಾದರೆ ಮಣ್ಣುಪ್ಪು ಇರಬಾರದಲ್ಲ! ಆ ಶತಮಾನ ಮುಗಿಯುವಷ್ಟರಲ್ಲಿ ಅದನ್ನು ಅಡಗಿಸಿಬಿಟ್ಟರು. ಉಪ್ಪಾರರು ಕೆರೆ ತೋಡುವ, ಗೋಡೆ ಕಟ್ಟುವ ಕೆಲಸಕ್ಕೆ ಹೋದರು. ಉಪ್ಪು ಅವರ ಹೆಸರಲ್ಲಷ್ಟೇ ಉಳಿಯಿತು. ಉಪ್ಪಿನ ಮೇಲಿನ ತೆರಿಗೆ ಹೋಗಿದ್ದು 1947ರಲ್ಲಿ. ನಮ್ಮಜ್ಜಿ ಉಪ್ಪು ಚೆಲ್ಲಿದರೆ ಯಾಕೆ ಅಷ್ಟು ಬೈಯುತ್ತಿದ್ದಳು ಅಂತ ಈಗ ಅರ್ಥವಾಗುತ್ತದೆ.

1904ರಲ್ಲೇ ಪ್ಯಾರಿಸ್‌ನ ಆಂಬಾರ್ ಮತ್ತು ಬೊಜಾರ್ ಎಂಬ ವೈದ್ಯರು ಉಪ್ಪಿಗೂ ರಕ್ತದೊತ್ತಡಕ್ಕೂ ನಂಟಿದೆ ಅಂದಿದ್ದರು. 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಲ್ಟರ್ ಕೆಂಪ್ನರ್, ಕಿಡ್ನಿ ರೋಗಿಗಳಿಗೆ ಉಪ್ಪಿಲ್ಲದ ಅನ್ನ, ಹಣ್ಣು ಕೊಟ್ಟೇ ಎಷ್ಟೋ ಜನರ ಬಿ.ಪಿ. ಇಳಿಸಿದರು. ಇದನ್ನೆಲ್ಲ ಓದಿ ಹೇಳಿದರೆ ಅಪ್ಪ ಆಕಳಿಸಿದರು.

ಅವರಿಗೆ ತಿಳಿದದ್ದು ಸಿರುಗುಪ್ಪದಲ್ಲಿ, ಸೋದರಮಾವನ ಗದ್ದೆಯ ಬದುವಿನ ಮೇಲೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಅಲ್ಲಿ ಭತ್ತಕ್ಕೆ ನೀರು ನಿಲ್ಲಿಸಿ ನಿಲ್ಲಿಸಿ, ಕಪ್ಪು ನೆಲ ಎಷ್ಟೋ ಕಡೆ ಸವಳಾಗಿದೆ. ಮಾವನ ಒಂದು ಮೂಲೆಯೂ ಬೆಳ್ಳಗಾಗಿತ್ತು. ಅಪ್ಪ ಅದನ್ನೇ ನೋಡುತ್ತ ನಿಂತರು. "ಬಸಿಗಾಲುವೆ ಮುಚ್ಚೇತಿ. ನೀರು ಹೋಗಂಗಿಲ್ಲ, ಉಪ್ಪೂ ಹೋಗಂಗಿಲ್ಲ" ಅಂದವರು, ಬಗ್ಗಿ ತಮ್ಮ ಬಾತ ಪಾದವನ್ನು ಬೆರಳಿಂದ ಒತ್ತಿದರು. ಕುಳಿ ಬಿತ್ತು. "ನಂದೂ ಇದ ಕಥಿ ಏನ್ಲೇ?" ಹೂಂ ಅಂದೆ.

ಅಷ್ಟಕ್ಕೇ ಸುಮ್ಮನಿರದೆ ನಾನೊಂದು ಜಾಣತನ ಮಾಡಿದೆ. ಬಳ್ಳಾರಿಯಿಂದ 'ಕಡಿಮೆ ಸೋಡಿಯಂ' ಅಂತ ಬರೆದಿದ್ದ ಉಪ್ಪಿನ ಪಾಕೀಟು ತಂದುಕೊಟ್ಟೆ. ಮುಂದಿನ ಸಲ ಡಾಕ್ಟರು ಅದನ್ನು ನೋಡಿ ಬೆಚ್ಚಿಬಿದ್ದರು. ಸೋಡಿಯಂ ತೆಗೆದ ಜಾಗಕ್ಕೆ ಅದರಲ್ಲಿ ಪೊಟ್ಯಾಸಿಯಂ ಹಾಕಿರುತ್ತಾರಂತೆ. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದೆ ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು. ಪಾಕೀಟಿನ ಹಿಂದೆ ಸಣ್ಣಕ್ಷರದಲ್ಲಿ ಇತ್ತು, ನಾನು ಓದಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಅವ್ವ ದಿನದ ಉಪ್ಪನ್ನು ಬೆಳಿಗ್ಗೆಯೇ ಅಳೆದು ಬಟ್ಟಲಿಗೆ ಹಾಕಿಡುತ್ತಾಳೆ. ಇಡೀ ದಿನಕ್ಕೆ, ಎಲ್ಲ ಸೇರಿ, ಒಂದು ಚಹಾ ಚಮಚಕ್ಕಿಂತ ಕಡಿಮೆ, ಅಂದರೆ 5 ಗ್ರಾಮಿನೊಳಗೆ. ರೊಟ್ಟಿಗೆ ಉಪ್ಪಿಲ್ಲದ ಗುರೆಳ್ಳು ಪುಡಿ; ಬೆಳ್ಳುಳ್ಳಿ ಜಾಸ್ತಿ. ಜಾಡಿ ಇನ್ನೂ ಅಟ್ಟದ ಮೇಲೇ ಇದೆ. ಏಣಿ ಮಾತ್ರ ಆಗಾಗ ಜಾಗ ಬದಲಿಸಿರುತ್ತದೆ.