ಮಂಗಳೂರು ಬಂದರಿನ ಪೂರ್ವೋತ್ತರಗಳು

ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣವಾದ ಮಂಗಳೂರಿಗೆ ಚರಿತ್ರ ಜಿಜ್ಞಾಸೆಯಿಂದ ಬರುವವರು ಮೊಟ್ಟಮೊದಲು ಅರಸುವುದು ಅಲ್ಲಿಯ ಕೋಟೆಯನ್ನು. 1783–84ರಲ್ಲಿ ಸುಮಾರು ಒಂಬತ್ತು ತಿಂಗಳ ಕಾಲ ಮುತ್ತಿಗೆಗೊಳಗಾಗಿ, ದ್ವಿತೀಯ ಮೈಸೂರು ಯುದ್ಧದ ಸಂಧಿಪತ್ರಕ್ಕೆ ತನ್ನ ಊರಿನ ಹೆಸರನ್ನೇ ಕೊಟ್ಟ ಆ ಕೋಟೆ ಈಗ ನೋಡಸಿಗುವುದಿಲ್ಲ. ಹಳೆಯ ಬಂದರಿನ ಧಕ್ಕೆಯಲ್ಲಿ ಮಂಜಿಗಳೂ ಮೀನುದೋಣಿಗಳೂ ಇವೆ. ಅದರ ಹಿಂದಣ ಇಕ್ಕಟ್ಟಾದ ಬೀದಿಗಳಲ್ಲಿ ಮಂಡಿಗಳೂ ಉಗ್ರಾಣಗಳೂ ಇವೆ. ಕೋಟೆಯ ಗೋಡೆ ಮಾತ್ರ ಇಲ್ಲ. ಉತ್ತರಕ್ಕೆ ಬೋಳೂರಿನಲ್ಲಿ ಗುರುಪುರ ನದಿಯ ದಂಡೆಯ ಮೇಲೆ ಕರಿಕಲ್ಲಿನಿಂದ ಕಟ್ಟಿದ ಸುಲ್ತಾನ್ ಬತ್ತೇರಿಯೊಂದೇ ಆ ಕಾಲದ ಸಾಕ್ಷಿಯಾಗಿ ನಿಂತಿದೆ. ಇಷ್ಟು ಯುದ್ಧಗಳನ್ನು ಕಂಡ ಪಟ್ಟಣದಲ್ಲಿ ಯುದ್ಧದ ಕುರುಹು ಇಷ್ಟು ವಿರಳವಾಗಿರುವುದಕ್ಕೆ ಕಾರಣವೇನು, ಮತ್ತು ಕೋಟೆಯಲ್ಲಿ ಉಳಿಯದ ಚರಿತ್ರೆ ಎಲ್ಲಿ ಉಳಿದಿದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಸ್ಥಳದ ಸ್ವರೂಪವನ್ನು ಮೊದಲು ತಿಳಿಯುವುದು ಅವಶ್ಯಕ. ನೇತ್ರಾವತಿ, ಗುರುಪುರ ಎಂಬ ಎರಡು ನದಿಗಳು ದಕ್ಷಿಣದಿಂದಲೂ ಉತ್ತರದಿಂದಲೂ ಬಂದು ಇಲ್ಲಿ ಒಂದೇ ಅಳಿವೆಯಿಂದ ಸಮುದ್ರವನ್ನು ಸೇರುತ್ತವೆ. ನದಿಗೂ ಕಡಲಿಗೂ ನಡುವೆ ಉದ್ದನೆಯ ಮರಳು ದಂಡೆಯೊಂದು ಅಡ್ಡಲಾಗಿರುವುದರಿಂದ ಒಳಗಿನ ನೀರು ಶಾಂತವಾಗಿರುತ್ತದೆ. ತುಳುವಿನಲ್ಲಿ ಈ ಊರಿಗೆ ಕುಡ್ಲವೆಂಬ ಹೆಸರಿರುವುದು ನದಿಗಳ ಈ ಕೂಡುವಿಕೆಯಿಂದಲೇ ಎಂದು ಹಲವರು ವಿವರಿಸುತ್ತಾರೆ. ಕೊಂಕಣಿಯಲ್ಲಿ ಇದು ಕೊಡಿಯಾಲ. ಬ್ಯಾರಿ ಭಾಷೆಯಲ್ಲಿ ಮೈಕಾಲ. ಅಳಿವೆಯಲ್ಲಿ ಮರಳು ತುಂಬುತ್ತಿದ್ದುದರಿಂದ ದೊಡ್ಡ ಹಡಗುಗಳು ಹೊರಗಡೆ ಲಂಗರು ಹಾಕಬೇಕಾಗಿತ್ತು. ಸರಕು ಸಣ್ಣ ದೋಣಿಗಳಲ್ಲಿ ದಡಕ್ಕೆ ಬರುತ್ತಿತ್ತು. ಮುಂಗಾರಿನ ತಿಂಗಳುಗಳಲ್ಲಿ ಕಡಲು ಮುಚ್ಚುತ್ತಿತ್ತು. ಹೀಗೆ ಈ ಬಂದರು ವ್ಯಾಪಾರಿಗೆ ಅನುಕೂಲ, ಸೇನಾಪತಿಗೆ ಸಂಕಟ. ಕಡಲ ಮೇಲೆ ಬಲವುಳ್ಳವನು ಇದನ್ನು ಸುಲಭವಾಗಿ ಹಿಡಿಯಬಹುದಾಗಿದ್ದರೂ, ಘಟ್ಟದ ಮೇಲಿನ ಅರಸನು ಮುನಿದರೆ ಇದನ್ನು ಉಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಮುಂದಿನ ನಾಲ್ಕು ಶತಮಾನಗಳ ಕಥೆಯೆಲ್ಲವೂ ಈ ಒಂದು ಸಂಗತಿಯ ವಿಸ್ತರಣವೆಂದು ಹೇಳಬಹುದು.

ಆರನೆಯ ಶತಮಾನದ ಗ್ರೀಕ್ ಲೇಖಕನಾದ ಕಾಸ್ಮಸನು ಕರಿಮೆಣಸನ್ನು ಕಳುಹಿಸುವ ಪಟ್ಟಣಗಳಲ್ಲಿ ‘ಮಂಗರೂಥ್’ ಎಂಬುದನ್ನು ಎಣಿಸಿದ್ದಾನೆ. ಆಳುಪ ದೊರೆಗಳಿಗೆ ಮಂಗಳಾಪುರವು ರಾಜಧಾನಿಯಾಗಿತ್ತು. ಕದ್ರಿಯ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯು ಕುಂದವರ್ಮನ ಕಾಲದಲ್ಲಿ, ಕ್ರಿ. ಶ. 968ರಲ್ಲಿ, ಪ್ರತಿಷ್ಠಿತವಾಯಿತೆಂದು ಅದರ ಪೀಠದ ಶಾಸನದಿಂದ ತಿಳಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಯೆಹೂದ್ಯ ವರ್ತಕನಾದ ಅಬ್ರಹಾಂ ಬೆನ್ ಯಿಜು ಎಂಬವನು ಇಲ್ಲಿ ಸುಮಾರು ಹದಿನೇಳು ವರುಷ ನೆಲೆಸಿ, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸಿದನು. ಆತನ ಪತ್ರಗಳು ಕೈರೋ ನಗರದ ಯೆಹೂದ್ಯ ಪ್ರಾರ್ಥನಾಮಂದಿರದ ಕಾಗದದ ರಾಶಿಯಲ್ಲಿ ಉಳಿದುಬಂದಿವೆ. ಆತನ ಪರವಾಗಿ ಏಡನ್ನಿನವರೆಗೂ ವ್ಯವಹಾರ ನಡೆಸಿದ ಸೇವಕನ ಹೆಸರನ್ನು ಬೊಮ್ಮನೆಂದು ವಿದ್ವಾಂಸರು ಓದಿದ್ದಾರೆ.

ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತನು ಬರೆದಿರುವ ಒಂದು ಸಂಗತಿ ಗಮನಾರ್ಹವಾದುದು. ಪಾರಸಿಕ, ಯೆಮನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಿದ್ದರು. ಸುಮಾರು 4,000 ಮುಸಲ್ಮಾನರು ಊರ ಬದಿಯಲ್ಲಿ ವಾಸವಾಗಿದ್ದರು. ಅವರಿಗೂ ಊರವರಿಗೂ ಆಗಾಗ ಕಲಹವಾಗುತ್ತಿತ್ತು. ಆದರೆ ಅರಸನು ವರ್ತಕರ ಅಗತ್ಯವನ್ನರಿತು ಸಂಧಾನ ಮಾಡಿಸುತ್ತಿದ್ದನು. ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಪರದೇಶಿಯರು ಇರುವುದು ಈ ಪಟ್ಟಣಕ್ಕೆ ಹೊಸದಾಗಿರಲಿಲ್ಲ. ಅವರು ಅಲ್ಲಿರುವುದು ಕಲಹರಹಿತವೂ ಆಗಿರಲಿಲ್ಲ. ಕಲಹವನ್ನು ತಣಿಸುವ ಅಧಿಕಾರವು ಸ್ಥಳೀಯ ಅರಸನ ಕೈಯಲ್ಲಿತ್ತೆಂಬುದೇ ಮುಖ್ಯ. ಪೋರ್ತುಗೀಸರು ಬಂದ ಮೇಲೆ ಬದಲಾದುದು ಇದು.

ಪೋರ್ತುಗೀಸರಿಗೆ ಈ ಕರಾವಳಿಯ ಮೆಣಸಿನಷ್ಟೇ ಅಕ್ಕಿಯೂ ಬೇಕಾಗಿತ್ತು. ಗೋವೆಯ ಊಟ ಕನ್ನಡ ಕರಾವಳಿಯ ಗದ್ದೆಗಳನ್ನು ನೆಚ್ಚಿತ್ತು. ಅರಬ್ಬೀ ತೀರಗಳಿಗೂ ಇದೇ ಅಕ್ಕಿ ಹೋಗುತ್ತಿತ್ತು. ಯಾರ ಹಡಗು ಎಲ್ಲಿಗೆ ಹೋಗಬೇಕೆಂಬುದನ್ನು ತಮ್ಮ ರಹದಾರಿ ಚೀಟಿಯಿಂದ ನಿರ್ಣಯಿಸುವುದು ಪೋರ್ತುಗೀಸರ ನೀತಿ. ನೇತ್ರಾವತಿಯ ಆಚೆಯ ದಡದ ಉಳ್ಳಾಲದ ಚೌಟ ರಾಣಿಯು ಇದಕ್ಕೆ ಒಪ್ಪದೆ ಪ್ರತಿಭಟಿಸಿದಳು. 1568ರಲ್ಲಿ ಪೋರ್ತುಗೀಸರು ಮಂಗಳೂರನ್ನು ಹಿಡಿದು ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆಯನ್ನು ಕಟ್ಟಿದರು; ರೊಸಾರಿಯೊ ಇಗರ್ಜಿಯ ಸ್ಥಾಪನೆಯೂ ಅದೇ ವರುಷದ್ದು.

ಉಳ್ಳಾಲದ ಅಬ್ಬಕ್ಕನ ವಿಷಯದಲ್ಲಿ ಜನಶ್ರುತಿಗೂ ದಾಖಲೆಗೂ ಇರುವ ಅಂತರವನ್ನು ಇಲ್ಲಿ ಹೇಳದಿರಲಾಗದು. ಜನಶ್ರುತಿಯಲ್ಲಿ ಅಬ್ಬಕ್ಕ ಒಬ್ಬಳೇ. 1568ರ ಸುಮಾರಿನಲ್ಲಿ ಪೋರ್ತುಗೀಸರೊಡನೆ ಕಾದಿದ ರಾಣಿಯೂ, 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಕಂಡು ಮಾತನಾಡಿದ ರಾಣಿಯೂ ಒಬ್ಬಳೇ ಆಗಿರುವುದು ಕಾಲಗಣನೆಗೆ ಹೊಂದುವುದಿಲ್ಲವೆಂದು, ಆ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಆಳಿದರೆಂದು ಸಂಶೋಧಕರು ಎಣಿಸುತ್ತಾರೆ. ದೆಲ್ಲಾ ವಾಲೆ ಕಂಡ ರಾಣಿ ಬರಿಗಾಲಿನಲ್ಲಿ ನಡೆದುಬಂದು ತಾನು ತೋಡಿಸುತ್ತಿದ್ದ ಕಾಲುವೆಯ ಕೆಲಸವನ್ನು ನೋಡುತ್ತಿದ್ದಳು. ಇದರಿಂದ ಜನಶ್ರುತಿಯ ಬೆಲೆ ಕುಗ್ಗುವುದೆಂದು ಭಾವಿಸಬೇಕಾಗಿಲ್ಲ. ಮೂರು ತಲೆಮಾರುಗಳ ಪ್ರತಿಭಟನೆಯನ್ನು ಜನರು ಒಂದೇ ಹೆಸರಿನಲ್ಲಿ ಕೂಡಿಸಿ ನೆನೆದಿದ್ದಾರೆಂದರೆ, ಆ ಪ್ರತಿಭಟನೆ ಒಂದು ದಿನದ ಕದನವಾಗಿರದೆ ದೀರ್ಘಕಾಲದ ನಿಲುವಾಗಿತ್ತೆಂದು ತಿಳಿಯಬೇಕು.

ಪೋರ್ತುಗೀಸರ ಕೋಟೆಗೆ ನಿಜವಾದ ವಿಪತ್ತು ಬಂದುದು ಘಟ್ಟದ ಮೇಲಿನಿಂದ. ಇಕ್ಕೇರಿಯ ವೆಂಕಟಪ್ಪ ನಾಯಕನು ಅವರ ಆಶ್ರಿತನಾದ ಬಂಗರ ಅರಸನನ್ನು ಸೋಲಿಸಿದನು. ಶಿವಪ್ಪ ನಾಯಕನು 1652–54ರ ಅವಧಿಯಲ್ಲಿ ಮಂಗಳೂರು ಸಹಿತವಾಗಿ ಕರಾವಳಿಯ ಅವರ ಕೋಟೆಗಳನ್ನು ವಶಪಡಿಸಿಕೊಂಡನು. ಆದರೆ ಕೆಳದಿಯವರು ಪೋರ್ತುಗೀಸರನ್ನು ಪೂರ್ತಿಯಾಗಿ ಹೊರಗಟ್ಟಲಿಲ್ಲ. ಅನಂತರದ ಒಪ್ಪಂದಗಳಲ್ಲಿ ಅವರಿಗೆ ವ್ಯಾಪಾರದ ಕೋಠಿಗೆ ಅವಕಾಶ ದೊರೆಯಿತು. ಗೋವೆಯಲ್ಲಿನ ಮತೀಯ ನಿರ್ಬಂಧ, ತೆರಿಗೆ, ಯುದ್ಧ, ಕ್ಷಾಮಗಳಿಂದ ಬೇಸತ್ತು ಬಂದ ಕೊಂಕಣಿಗರಿಗೆ—ಸಾರಸ್ವತರಿಗೂ ಕ್ರೈಸ್ತರಿಗೂ—ಈ ನಾಡಿನಲ್ಲಿ ನೆಲ ಸಿಕ್ಕಿತು. ಒಂದು ಬಂದರಿನ ಪರಾಧೀನತೆ ಮತ್ತೊಂದು ಬಂದರಿನ ಜನಸಂಖ್ಯೆಯನ್ನು ರೂಪಿಸಿತು. ಇಂದಿಗೂ ಮಂಗಳೂರಿನಲ್ಲಿ ಕೊಂಕಣಿ ಮನೆಮಾತಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿದೊಡನೆ ಮಂಗಳೂರೂ ಮೈಸೂರಿನದಾಯಿತು. ಕಡಲಿಗೆ ದಾರಿಯಿಲ್ಲದಿದ್ದ ರಾಜ್ಯಕ್ಕೆ ಇದೇ ಬಾಗಿಲು. ಹೈದರನು ಇಲ್ಲಿ ಹಡಗುಗಳನ್ನು ಕಟ್ಟಿಸತೊಡಗಿದನು. ಆದುದರಿಂದಲೇ ಇಂಗ್ಲಿಷರ ದೃಷ್ಟಿಯೂ ಇಲ್ಲಿ ನೆಟ್ಟಿತು. 1768ರಲ್ಲಿ ಮುಂಬಯಿಯಿಂದ ಬಂದ ಅವರ ದಂಡು ಪಟ್ಟಣವನ್ನು ಹಿಡಿಯಿತು. ಕೆಲವೇ ತಿಂಗಳಲ್ಲಿ ಮೈಸೂರಿನ ಸೈನ್ಯ ಮೇಲೆ ಬೀಳಲು, ಗಾಯಗೊಂಡವರನ್ನೂ ರೋಗಿಗಳನ್ನೂ ಅಲ್ಲಿಯೇ ಬಿಟ್ಟು ಹಡಗೇರಿ ಹೋಯಿತು. 1783ರ ಮಾರ್ಚಿಯಲ್ಲಿ ಜನರಲ್ ಮ್ಯಾಥ್ಯೂಸನು ಎರಡನೆಯ ಬಾರಿ ಮಂಗಳೂರನ್ನು ತೆಗೆದುಕೊಂಡನು. ಟಿಪ್ಪು ಸುಲ್ತಾನನು ಬಿದನೂರನ್ನು ಮರಳಿ ಪಡೆದು ಮೇ ತಿಂಗಳಿನಲ್ಲಿ ಮಂಗಳೂರನ್ನು ಮುತ್ತಿದನು. ಒಳಗೆ ಕರ್ನಲ್ ಕ್ಯಾಂಬೆಲ್ಲನ ಕೈಕೆಳಗೆ ಸ್ಕಾಟ್ಲೆಂಡಿನ ಪದಾತಿಗಳೂ ಮುಂಬಯಿಯ ಸಿಪಾಯಿಗಳೂ ಇದ್ದರು. ಹೊರಗೆ ಟಿಪ್ಪುವಿಗೆ ಫ್ರೆಂಚರ ತುಕಡಿಯ ಸಹಾಯವಿತ್ತು. ಯೂರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಸಂಧಿಯಾದ ವಾರ್ತೆ ಬಂದೊಡನೆ ಫ್ರೆಂಚರು ಹಿಂದೆ ಸರಿದರು, ಆಗಸ್ಟಿನಲ್ಲಿ ಯುದ್ಧವಿರಾಮವಾಯಿತು. ಆದರೆ ಮುತ್ತಿಗೆ ಸಡಿಲಲಿಲ್ಲ. ಹಸಿವೂ ರೋಗವೂ ಗುಂಡಿಗಿಂತ ಹೆಚ್ಚು ಕೆಲಸ ಮಾಡಿದವು. 1784ರ ಜನವರಿ 30ರಂದು ಕೋಟೆ ಶರಣಾಯಿತು. ಉಳಿದವರು ತಲಶ್ಶೇರಿಗೆ ಹೊರಟರು. ಕ್ಯಾಂಬೆಲ್ಲನು ಎರಡು ತಿಂಗಳೊಳಗೆ ಮುಂಬಯಿಯಲ್ಲಿ ತೀರಿಕೊಂಡನು.

ಅದೇ ವರುಷ ಮಾರ್ಚಿ 11ರಂದು ಸಂಧಿಪತ್ರಕ್ಕೆ ಸಹಿಯಾಯಿತು. ಗೆದ್ದ ಸ್ಥಳಗಳನ್ನೂ ಸೆರೆಯಾಳುಗಳನ್ನೂ ಉಭಯಪಕ್ಷದವರೂ ಹಿಂದಿರುಗಿಸತಕ್ಕದ್ದೆಂಬುದು ಅದರ ಸಾರಾಂಶ. ಮದರಾಸಿನ ಆಯುಕ್ತರು ಟಿಪ್ಪುವಿನ ಪಾಳೆಯಕ್ಕೆ ತಾವಾಗಿ ಬಂದು ಸಹಿ ಮಾಡಿದುದರಿಂದ ಗವರ್ನರ್ ಜನರಲನಾದ ವಾರನ್ ಹೇಸ್ಟಿಂಗ್ಸನಿಗೆ ಇದು ಸಮ್ಮತವಾಗಲಿಲ್ಲ. ಮೈಸೂರಿನ ಚರಿತ್ರೆಯಲ್ಲಿ ಇದನ್ನು ರಾಜಕಾರ್ಯದ ಜಯವೆಂದು ಗಣಿಸುವುದು ವಾಡಿಕೆ, ಹಾಗೆ ಗಣಿಸುವುದು ತಪ್ಪೂ ಅಲ್ಲ. ಆದರೆ ಪಟ್ಟಣದ ದೃಷ್ಟಿಯಿಂದ ಆ ವರುಷವೇ ಅತ್ಯಂತ ಘೋರವಾದುದು. ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತರನ್ನು ಮನೆಮಠಗಳಿಂದ ಎಬ್ಬಿಸಿ ಘಟ್ಟದ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಅವರ ಸಂಖ್ಯೆಯನ್ನು ಬೇರೆ ಬೇರೆ ಆಕರಗಳು 30,000ದಿಂದ 80,000ದವರೆಗೆ ಹೇಳುತ್ತವೆ. ಇಗರ್ಜಿಗಳನ್ನು ಕೆಡವಿದರು. ಬದುಕುಳಿದವರಿಗೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆಯೇ ಬಿಡುಗಡೆಯಾಯಿತು. ಸಂಧಿಯನ್ನು ಹೊಗಳುವವರು ಈ ಸೆರೆಯನ್ನು ಮರೆಯಬಾರದು. ಸೆರೆಯನ್ನು ನೆನೆಯುವವರು, ತಮ್ಮ ಸೇನಾಕಾರ್ಯಕ್ಕೆ ಸ್ಥಳೀಯರ ನೆರವನ್ನು ಪಡೆದು ಅನಂತರ ಅವರನ್ನು ರಕ್ಷಿಸದೆ ಹೊರಟುಹೋದ ಕಂಪೆನಿಯ ನಡತೆಯನ್ನೂ ಮರೆಯಬಾರದು.

ಕೋಟೆ ಇಲ್ಲವಾದ ಕಾರಣವೂ ಇಲ್ಲಿಯೇ ದೊರೆಯುತ್ತದೆ. 1801ರಲ್ಲಿ ಈ ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನನು, ಕೋಟೆಯನ್ನು ಟಿಪ್ಪುವೇ ಕೆಡವಿಸಿದನೆಂದು ಹೇಳುತ್ತಾನೆ. ತನ್ನ ಕೋಟೆಗಳು ಯೂರೋಪಿಯನರ ಸೈನ್ಯವನ್ನು ತಡೆಯಲಾರವು, ಅವರು ಒಳಹೊಕ್ಕರೆ ಹೊರಡಿಸುವುದು ಮಾತ್ರ ದುಸ್ಸಾಧ್ಯವೆಂಬುದು ಆ ಮುತ್ತಿಗೆಯಿಂದ ಆತನಿಗೆ ಮನವರಿಕೆಯಾಗಿತ್ತು. ಅಂದರೆ ಕೋಟೆಯನ್ನು ಕಳೆದುಕೊಂಡವನಲ್ಲ, ಗೆದ್ದವನೇ ಅದನ್ನು ಅಳಿಸಿದನು. ನದಿಯ ದಾರಿಯನ್ನು ಕಾಯಲು ಬೋಳೂರಿನ ಬತ್ತೇರಿ ಸಾಕೆನಿಸಿತು. ಅದರ ಮೆಟ್ಟಿಲೇರಿ ಫಿರಂಗಿಯ ಕಂಡಿಗಳಿಂದ ನೋಡಿದವರಿಗೆ, ಅದು ನೆಲೆನಿಂತು ಕಾದುವುದಕ್ಕಲ್ಲ, ದೋಣಿಗಳ ಮೇಲೆ ಕಣ್ಣಿಡುವುದಕ್ಕೆ ಕಟ್ಟಿದುದೆಂಬುದು ಒಡನೆಯೇ ಗೊತ್ತಾಗುತ್ತದೆ.

1799ರಲ್ಲಿ ಕೆನರಾ ಸೀಮೆ ಕಂಪೆನಿಯ ಆಡಳಿತಕ್ಕೆ ಬಂದು, ಥಾಮಸ್ ಮನ್ರೋ ಅದರ ಮೊದಲನೆಯ ಕಲೆಕ್ಟರನಾದನು. ಶಾಂತಿಯೇನೋ ನೆಲೆಗೊಂಡಿತು, ಕಂದಾಯದ ಭಾರ ತಗ್ಗಲಿಲ್ಲ. 1834ರಲ್ಲಿ ಕೊಡಗು ಕಂಪೆನಿಯ ವಶವಾದ ಮೇಲೆ ಅಮರ ಸುಳ್ಯ, ಪುತ್ತೂರು ಕಡೆಯ ಮಾಗಣೆಗಳು ಕೆನರಾಕ್ಕೆ ಸೇರಿದವು. ಅದುವರೆಗೆ ಧಾನ್ಯರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ನಗದು ತೆರಬೇಕಾಯಿತು. ಉಪ್ಪು, ಹೊಗೆಸೊಪ್ಪುಗಳ ಏಕಸ್ವಾಮ್ಯವೂ ಕೂಡಿಕೊಂಡಿತು. 1837ರಲ್ಲಿ ಸುಳ್ಯ ಸೀಮೆಯಿಂದ ಎದ್ದ ದಂಡು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಿಂದ ಏಪ್ರಿಲ್ 5ರಂದು ಮಂಗಳೂರನ್ನು ಪ್ರವೇಶಿಸಿತು. ಸುಮಾರು ಹದಿಮೂರು ದಿನ ಪಟ್ಟಣದ ಗುಡ್ಡದ ಮೇಲೆ ಅವರ ಬಾವುಟ ಹಾರಿತು. ಕಂಪೆನಿಯ ಸೈನ್ಯ ಬಂದ ಮೇಲೆ ದಂಗೆ ಮುರಿಯಿತು. ಕಲ್ಯಾಣಸ್ವಾಮಿಯೆಂದು ಹೆಸರಾದವನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಈ ಘಟನೆಗೆ ಜನರ ಬಾಯಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರುಂಟು. ಕಾಟಕಾಯಿಯೆಂದರೆ ಕೊಳ್ಳೆ, ದಾಂಧಲೆ. ದಂಡಿಸಿದವರು ಕಂಡ ಅರ್ಥವೇ ನಾಡಾಡಿಯಾಗಿ ಉಳಿದುಬಂದಿತು. ಇದನ್ನು ಸ್ವಾತಂತ್ರ್ಯಸಮರವೆಂದು ಎಣಿಸುವ ವಾಡಿಕೆ ಬಹಳ ಈಚಿನದು. ಆದರೆ ಅದೇ ಜನರ ಬಾಯಲ್ಲಿ ಆ ಗುಡ್ಡಕ್ಕೆ ಬಾವುಟಗುಡ್ಡೆ ಎಂಬ ಹೆಸರಿದೆ. ಆ ಹೆಸರನ್ನು ಹೇಳಿ 1837ರ ಬಾವುಟವನ್ನು ನೆನೆಯುತ್ತಾರೆ. ಒಂದೇ ಘಟನೆಯ ವಿಷಯದಲ್ಲಿ ಒಂದು ಮಾತು ಅಧಿಕಾರದ ತೀರ್ಪನ್ನೂ ಇನ್ನೊಂದು ಸೋತವರ ನೆನಪನ್ನೂ ಹೊತ್ತು ನಿಂತಿವೆ. ಭಾಷೆಯನ್ನು ಬೋಧಿಸುವವರಿಗೆ ಇದು ಕಡೆಗಣಿಸತಕ್ಕ ಸಂಗತಿಯಲ್ಲ.

ಯುದ್ಧದ ಪರಿಣಾಮ ಇಷ್ಟಕ್ಕೇ ನಿಲ್ಲಲಿಲ್ಲ. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರು ಇಲ್ಲಿ ಮುದ್ರಣಾಲಯವನ್ನೂ ನೆಯ್ಗೆ, ಹೆಂಚುಗಳ ಕಾರ್ಖಾನೆಗಳನ್ನೂ ನಡೆಸಿದರು. ಮೋಗ್ಲಿಂಗನು 1843ರ ಜುಲೈ 1ರಂದು ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದೂ, 1894ರಲ್ಲಿ ಕಿಟ್ಟೆಲನ ನಿಘಂಟು ಅಚ್ಚಾದುದೂ ಈ ಊರಿನಲ್ಲಿಯೇ. 1914ರ ಮಹಾಯುದ್ಧ ತೊಡಗಿದಾಗ ಜರ್ಮನ್ ಪ್ರಜೆಗಳಾದ ಮಿಷನರಿಗಳು ಬಂಧನಕ್ಕೊಳಗಾದರು. ಕಾರ್ಖಾನೆಗಳು ಅನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಸಹಸ್ರಾರು ಹರದಾರಿ ದೂರದ ಕದನವು ಕನ್ನಡದ ಹಳೆಯ ಮುದ್ರಣಕೇಂದ್ರವೊಂದರ ಒಡೆತನವನ್ನು ಬದಲಿಸಿತು. ಕೊನೆಗೆ 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ತೆರೆಯಿತು. ದೊಡ್ಡ ಹಡಗುಗಳು ಹಳೆಯ ಅಳಿವೆಯನ್ನು ಬಿಟ್ಟುಹೋದವು. ಅಂದಿನಿಂದ ಹಳೆಯ ಬಂದರು ಮೀನುಗಾರರಿಗೂ ಲಕ್ಷದ್ವೀಪಕ್ಕೆ ಸರಕೊಯ್ಯುವ ಮಂಜಿಗಳಿಗೂ ಮೀಸಲಾಗಿದೆ.

ಮೇಲಿನ ವಿಚಾರದಿಂದ ಫಲಿಸುವುದೇನೆಂದರೆ, ಮಂಗಳೂರಿನ ಚರಿತ್ರೆಯನ್ನು ಕೋಟೆ ಹಿಡಿದವರ ಪಟ್ಟಿಯಾಗಿ ಬರೆಯುವುದು ಸಾಲದು. ಪೋರ್ತುಗೀಸ್, ಪಾರಸಿ, ಇಂಗ್ಲಿಷ್ ಬರಹಗಳು ಹಿಡಿದ ದಿನವನ್ನೂ ಬಿಟ್ಟ ದಿನವನ್ನೂ ತಿಳಿಸುತ್ತವೆ. ಆ ದಿನಗಳ ನಡುವೆ ಊರವರು ಏನನ್ನು ಸಹಿಸಿದರು, ಯಾವುದಕ್ಕೆ ಎದುರು ನಿಂತರು ಎಂಬುದನ್ನು ಅರಿಯಬೇಕಾದರೆ ತುಳು, ಕೊಂಕಣಿ, ಬ್ಯಾರಿ, ಕನ್ನಡಗಳ ಸ್ಥಳನಾಮಗಳನ್ನೂ ಮನೆತನದ ಹೇಳಿಕೆಗಳನ್ನೂ ಶಾಸನಗಳೊಡನೆ ಇಟ್ಟು ಓದಬೇಕು. ಬೋಳೂರಿನ ಬತ್ತೇರಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಬಾವುಟಗುಡ್ಡೆಗೂ ಬಿಕರ್ನಕಟ್ಟೆಗೂ ರೊಸಾರಿಯೊ ಇಗರ್ಜಿಗೂ ಉಳ್ಳಾಲದ ದಡಕ್ಕೂ ಅವರನ್ನು ಕರೆದೊಯ್ದರೆ, ಗೆಲವು ಸೋಲುಗಳೆರಡರ ಲೆಕ್ಕವೂ ಅವರಿಗೆ ಒಂದೇ ದಿನದಲ್ಲಿ ಸಿಕ್ಕೀತು.