ಸಿಪಾಯಿಯ ಸೊಂಟದ ಪಿಸ್ತೂಲು

ಯುದ್ಧದ ಇತಿಹಾಸವನ್ನು ಬರೆಯುವವರು ಫಿರಂಗಿಗಳಿಗೂ ನೌಕೆಗಳಿಗೂ ಕೊಡುವ ಸ್ಥಳದಲ್ಲಿ ನೂರರಲ್ಲೊಂದು ಪಾಲನ್ನೂ ಪಿಸ್ತೂಲಿಗೆ ಕೊಡುವುದಿಲ್ಲ. ಅದು ನ್ಯಾಯವೇ ಸರಿ. ಪಿಸ್ತೂಲನ್ನು ನಂಬಿ ರಾಜ್ಯವನ್ನು ಗೆದ್ದವರಿಲ್ಲ. ಆದರೆ ಬಂದೂಕು ಕೈತಪ್ಪಿ, ಶತ್ರುವು ಹತ್ತು ಹೆಜ್ಜೆಯೊಳಗೆ ನುಗ್ಗಿ ಬಂದಾಗ ಸಿಪಾಯಿಗೆ ಉಳಿಯತಕ್ಕ ಆಸರೆ ಅದೊಂದೇ. ಆಗ ಅದು ಹಾರಿದರೆ ಪ್ರಾಣವುಂಟು, ಹಾರದಿದ್ದರೆ ಇಲ್ಲ. ಇಂಥ ಆಯುಧವನ್ನು ಆರಿಸುವುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಸೈನ್ಯವು ಈ ಶತಮಾನಕ್ಕೆ ಹಿಂದಿನ ಶತಮಾನದ ಆದಿಯಲ್ಲಿ ನಡೆಸಿದ ಪರೀಕ್ಷೆಯ ಕಥೆಯು ವಿಚಾರಾರ್ಹವಾಗಿದೆ.

1892ರಲ್ಲಿ ಆ ಸೈನ್ಯವು ಅಂಗುಲದ ನೂರರಲ್ಲಿ 38 ಪಾಲು ಅಳತೆಯ ಕೋಲ್ಟ್ ರಿವಾಲ್ವರನ್ನು ಅಂಗೀಕರಿಸಿತ್ತು. ಅದು ಹಗುರ, ನಯ. ಆದರೆ 1898ರ ಸ್ಪೇನಿನ ಯುದ್ಧದ ತರುವಾಯ ಫಿಲಿಪ್ಪೀನ್ ದ್ವೀಪಗಳು ಅಮೆರಿಕದ ವಶಕ್ಕೆ ಬಂದಾಗ, ಅಲ್ಲಿಯ ಮೋರೋ ಜನರು ಪರರ ಆಳ್ವಿಕೆಗೆ ತಲೆಬಾಗದೆ ಕತ್ತಿ ಹಿರಿದು ಮೇಲೆ ಬಿದ್ದರು. ಗುಂಡು ತಗುಲಿದರೂ ನಿಲ್ಲದೆ ಬಂದು ಕಡಿಯುತ್ತಾರೆಂಬ ದೂರು ಸೈನ್ಯದಲ್ಲೆಲ್ಲ ಹಬ್ಬಿತು. 1873ರ ಹಳೆಯ ಮಾದರಿಯ, 45 ಪಾಲು ಅಳತೆಯ ರಿವಾಲ್ವರುಗಳನ್ನೇ ಉಗ್ರಾಣದಿಂದ ಮತ್ತೆ ತೆಗೆದು ಹಂಚಬೇಕಾಯಿತು.

1904ರಲ್ಲಿ ಥಾಮ್ಸನ್ ಎಂಬ ಶಸ್ತ್ರಾಧಿಕಾರಿಯೂ ಲಗಾರ್ಡ್ ಎಂಬ ಸೈನ್ಯ ವೈದ್ಯನೂ ಈ ವಿಷಯವನ್ನು ವಿಚಾರಿಸಲು ನೇಮಕವಾದರು. ಇವರು ಶವಗಳ ಮೇಲೂ, ಚಿಕಾಗೋ ಕಸಾಯಿಖಾನೆಯ ಜೀವಂತ ದನಗಳ ಮೇಲೂ ಗುಂಡು ಹಾರಿಸಿ ನೋಡಿದರು. ಓದುವವರ ಮನಸ್ಸು ಹಿಂಜರಿಯುವಂಥ ಕೆಲಸವದು. ಗುಂಡು 45 ಪಾಲಿಗೆ ಕಡಿಮೆಯಿರಕೂಡದೆಂದು ಅವರು ತೀರ್ಮಾನಿಸಿದರು. ಅದರೊಡನೆ, ಸಿಪಾಯಿಗೆ ಗುರಿಯಿಡುವ ಅಭ್ಯಾಸವನ್ನು ಬಿಡದೆ ಮಾಡಿಸಬೇಕೆಂದೂ ಹೇಳಿದರು. ಮೊದಲನೆಯ ಮಾತು ಲೋಕಪ್ರಸಿದ್ಧವಾಯಿತು. ಎರಡನೆಯದನ್ನು ನೆನೆಯುವವರು ವಿರಳ.

ಗುಂಡಿನ ಅಳತೆ ನಿಶ್ಚಯವಾದರೂ ಯಂತ್ರದ ಪ್ರಶ್ನೆ ಉಳಿಯಿತು. ರಿವಾಲ್ವರಿನ ದೊಡ್ಡ ಗುಣವು ಅದರ ಸರಳತೆ. ಒಂದು ತೋಟಾ ಹುಸಿಹೋದರೆ ಕುದುರೆಯನ್ನು ಮತ್ತೊಮ್ಮೆ ಎಳೆದರಾಯಿತು, ಉರುಳೆ ತಿರುಗಿ ಮುಂದಿನ ತೋಟಾ ಎದುರಿಗೆ ಬರುತ್ತದೆ. ಇಂಗ್ಲೀಷರ ಸೈನ್ಯದಲ್ಲಿಯೂ ನಮ್ಮ ದೇಶದ ಸೈನ್ಯದಲ್ಲಿಯೂ ಅಧಿಕಾರಿಗಳು ಧರಿಸುತ್ತಿದ್ದ ವೆಬ್ಲಿ ರಿವಾಲ್ವರು ಈ ಜಾತಿಯದು. ನಡುವೆ ಮುರಿದು ತೆರೆದರೆ ಆರು ಖಾಲಿ ತೋಟಾಗಳೂ ಒಮ್ಮೆಗೇ ಹೊರಬೀಳುತ್ತಿದ್ದವು. ಆದರೆ ಆರು ಗುಂಡು ತೀರಿದ ಮೇಲೆ, ನಡುಗುವ ಕೈಯಿಂದ ಮತ್ತೆ ಆರನ್ನು ತುಂಬುವಷ್ಟು ಅವಕಾಶವನ್ನು ಶತ್ರುವು ಕೊಡಬೇಕಷ್ಟೆ!

ತಾನಾಗಿ ತುಂಬಿಕೊಳ್ಳುವ ಪಿಸ್ತೂಲಿನಲ್ಲಿ ಹಾರಿದ ಗುಂಡಿನ ಹಿನ್ನೂಕೇ ಖಾಲಿ ತೋಟಾವನ್ನು ಹೊರಗೆಸೆದು ಹೊಸದನ್ನು ಒಳಸೇರಿಸುತ್ತದೆ. ಹೊಸ ತೋಟಾಪೆಟ್ಟಿಗೆಯನ್ನು ಹಿಡಿಯೊಳಗೆ ತಳ್ಳಲು ಕ್ಷಣಕಾಲ ಸಾಕು. ಆದರೆ ಒಂದು ತೋಟಾ ಅಡ್ಡ ಸಿಕ್ಕಿದರೆ ಕೆಲಸವೆಲ್ಲ ನಿಂತಿತು. ಜರ್ಮನ್ ಸೈನ್ಯವು 1908ರಲ್ಲಿ ಅಂಗೀಕರಿಸಿದ ಲೂಗರ್ ಪಿಸ್ತೂಲು ಈ ಜಾತಿಯ ಅತ್ಯಂತ ಚೆಲುವಾದ ಯಂತ್ರ. ಅದರ ಕೀಲು ಮೊಣಕಾಲಿನಂತೆ ಮಡಿದು ಮೇಲಕ್ಕೇಳುತ್ತದೆ. ಕೈಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಬಿಡಿಭಾಗಗಳೆಲ್ಲ ನವುರಾಗಿ ಹೊಂದಿಸಿದವು. ತೋಟಾದ ಮದ್ದಿನ ಬಲವು ತಕ್ಕ ಪ್ರಮಾಣದಲ್ಲಿ ಇಲ್ಲದಿದ್ದರೆ ಕೀಲು ಮುಗ್ಗರಿಸುತ್ತಿತ್ತು.

ಅಮೆರಿಕದ ಪರೀಕ್ಷೆಗಳು 1907ರಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ತೊಡಗಿದವು. ಪಿಸ್ತೂಲುಗಳನ್ನು ಧೂಳಿನಲ್ಲಿಟ್ಟು, ಬೇಕೆಂದೇ ತುಕ್ಕು ಹಿಡಿಸಿ ಹಾರಿಸಿ ನೋಡಿದರು. ಲೂಗರ್ ಸ್ಪರ್ಧೆಯಿಂದ ಹಿಂದೆಗೆಯಿತು. ಕಡೆಗೆ ಉಳಿದವು ಎರಡು: ಸ್ಯಾವೇಜ್ ಕಂಪನಿಯದೊಂದು, ಜಾನ್ ಬ್ರೌನಿಂಗನು ಕಲ್ಪಿಸಿ ಕೋಲ್ಟ್ ಕಂಪನಿಯವರು ಮಾಡಿದ್ದು ಇನ್ನೊಂದು. ಮೊದಮೊದಲು ಎರಡರಲ್ಲಿಯೂ ಕುಂದುಗಳಿದ್ದವು. ಬ್ರೌನಿಂಗನು ತನ್ನ ಕುಂದುಗಳನ್ನು ಒಂದೊಂದಾಗಿ ತಿದ್ದುತ್ತ ಬಂದನು. 1911ರ ಮಾರ್ಚಿಯಲ್ಲಿ ಒಂದೊಂದು ಪಿಸ್ತೂಲಿನಿಂದಲೂ 6000 ಗುಂಡು ಹಾರಿಸಿದರು. ನೂರು ಗುಂಡಿಗೊಮ್ಮೆ ಆರಲು ಬಿಟ್ಟು, ಸಾವಿರಕ್ಕೊಮ್ಮೆ ಒರಸಿ ಎಣ್ಣೆ ಹಾಕಿದರು. ಸ್ಯಾವೇಜ್ 37 ಸಲ ತಡೆಯಿತು. ಕೋಲ್ಟ್ ಒಂದು ಸಲವೂ ತಡೆಯಲಿಲ್ಲ. ಆ ತಿಂಗಳ 29ರಂದು ಅದು ಸೈನ್ಯದ ಆಯುಧವಾಯಿತು. 1985ರಲ್ಲಿ ಬೆರೆಟ್ಟಾ ಪಿಸ್ತೂಲು ಬರುವವರೆಗೂ ಅದೇ ನಡೆಯಿತು. ಆದರೂ ರಿವಾಲ್ವರು ಪೂರ್ಣವಾಗಿ ಸೋಲಲಿಲ್ಲ. 1917ರಲ್ಲಿ ಮಹಾಯುದ್ಧಕ್ಕಿಳಿದಾಗ ಹೊಸ ಪಿಸ್ತೂಲುಗಳು ಸಾಲದೆ, ಅದೇ ತೋಟಾವನ್ನು ಹಾರಿಸತಕ್ಕ ರಿವಾಲ್ವರುಗಳನ್ನು ಮಾಡಿಸಿ ಹಂಚಿದರು.

ಇದರಿಂದ ತಿಳಿಯುವುದೇನು? ಚೆಲುವಾದ ಯಂತ್ರಕ್ಕಿಂತ ಧೂಳನ್ನು ಸಹಿಸುವ ಯಂತ್ರವು ಮೇಲು; ಮೊದಲ ದಿನದ ಪ್ರದರ್ಶನಕ್ಕಿಂತ ತಿದ್ದಿಕೊಳ್ಳುವ ಬುದ್ಧಿಯು ಮೇಲು. ಇಷ್ಟು ಶಿಲ್ಪಿಯ ಪಾಠ. ಇತಿಹಾಸದ ಪಾಠ ಬೇರೊಂದಿದೆ. 1906ರ ಮಾರ್ಚಿಯಲ್ಲಿ ಜೋಲೋ ದ್ವೀಪದ ಬುಡ್ ದಾಜೋ ಎಂಬ ಆರಿದ ಜ್ವಾಲಾಮುಖಿಯ ಬಾಯಲ್ಲಿ ಅಡಗಿದ್ದ ಮೋರೋ ಜನರು, ಹೆಂಗಸರು ಮಕ್ಕಳು ಸಹಿತ, ನೂರಾರು ಸಂಖ್ಯೆಯಲ್ಲಿ ಅಮೆರಿಕದ ಸೈನ್ಯದಿಂದ ಹತರಾದರು. ನುಗ್ಗಿ ಬರುವ ಮನುಷ್ಯನನ್ನು ಎಷ್ಟು ಅಳತೆಯ ಗುಂಡು ನಿಲ್ಲಿಸೀತೆಂದು ಪಂಡಿತರು ಏಳು ವರ್ಷ ವಿಚಾರಿಸಿದರು. ಅವನು ಏಕೆ ನುಗ್ಗಿ ಬರುತ್ತಾನೆಂಬ ವಿಚಾರಕ್ಕೆ ಅವರ ಪರೀಕ್ಷೆಯಲ್ಲಿ ಸ್ಥಳವಿರಲಿಲ್ಲ. ಆಯುಧದ ಗುಣವನ್ನು ಮೆಚ್ಚುವಾಗ ಅದರ ಎದುರಿಗೆ ನಿಂತವನನ್ನು ಮರೆಯದಿರುವುದು ಓದುಬಲ್ಲವರ ಕರ್ತವ್ಯವಾಗಿದೆ.